ಒಂದ್ಸಲ ಶಫಲ್ ಆಫ್ ಮಾಡಿ ಕೇಳು, ಗೆಳೆಯಾ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಅಂದ ಮಾತು ಇನ್ನೂ ತಲೆಯಲ್ಲೇ ಸುತ್ತುತ್ತಿದೆ. ಬಿಲಿ ಐಲಿಶ್ ಹಾಡಿದ 2019ರ ಆಲ್ಬಮ್, 'ವೆನ್ ವಿ ಆಲ್ ಫಾಲ್ ಅಸ್ಲೀಪ್, ವೇರ್ ಡು ವಿ ಗೋ?' ಕೇಳು ಅಂತ ನಾನು ಹೇಳಿದ್ದೆ. ನೀನು ಕೇಳಿದೆ. "ಚೆನ್ನಾಗಿದೆ, ಆದ್ರೆ ಆ 'ಗುಡ್‌ಬೈ' ಏನೋ ಅದು? ಹಾಡೇ ಅಲ್ಲ, ಬರೀ ಚೂರುಪಾರು ಸಾಲು" ಅಂದೆ. ಅದು ಎಷ್ಟನೆಯದಾಗಿ ಬಂತು ಅಂತ ನಾನು ಕೇಳಿದ್ದಕ್ಕೆ, "ಶಫಲ್‌ನಲ್ಲಿತ್ತು, ಮೂರನೆಯದೋ ನಾಲ್ಕನೆಯದೋ" ಅಂದೆ. ಹಾಡುಗಳ ಕ್ರಮ ಕಲಸಿಬಿಡುವ ಆ ಶಫಲ್‌ನಿಂದ ಏನು ತಪ್ಪಿಹೋಯಿತು ಅಂತ ಆಗ ನನಗೆ ಸರಿಯಾಗಿ ಹೇಳೋಕೆ ಆಗಲಿಲ್ಲ. ಅದಕ್ಕೇ ಈ ಪತ್ರ.

'ಗುಡ್‌ಬೈ' ಆ ಆಲ್ಬಮ್ಮಿನ 14ನೇ ಹಾಡು, ಕಟ್ಟಕಡೆಯದು. ಎರಡು ನಿಮಿಷದ್ದು. ಅದರಲ್ಲಿರುವುದು ಹಿಂದಿನ ಹಾಡುಗಳ ಸಾಲುಗಳೇ. ಕೊನೆಯಿಂದ ಶುರುಮಾಡಿ, ಒಂದೊಂದು ಹಾಡಿನಿಂದ ಒಂದಿಷ್ಟು ಹೆಕ್ಕಿಕೊಳ್ಳುತ್ತಾ, ಮೊದಲಿಗೆ ಕೇಳಿದ್ದ 'ಬ್ಯಾಡ್ ಗೈ'ವರೆಗೆ ವಾಪಸು ಹೋಗುತ್ತದೆ. ಮನೆ ಬಿಟ್ಟು ಹೊರಡುವ ಮುಂಚೆ ಒಂದೊಂದೇ ಕೋಣೆಗೆ ಹೋಗಿ ದೀಪ ಆರಿಸಿ ಬಂದ ಹಾಗೆ. ನೀನು ಆ ಕೋಣೆಗಳಿಗೆ ಇನ್ನೂ ಕಾಲೇ ಇಟ್ಟಿರಲಿಲ್ಲ. ನಿನಗೆ ಚೂರುಪಾರು ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಕೊನೆಯ ಮೂರು ಹಾಡುಗಳ ಹೆಸರನ್ನು ಸಾಲಾಗಿ ಓದಿ ನೋಡು: 'ಲಿಸನ್ ಬಿಫೋರ್ ಐ ಗೋ', 'ಐ ಲವ್ ಯೂ', 'ಗುಡ್‌ಬೈ'. ಹೋಗೋ ಮುಂಚೆ ಒಂದು ಮಾತು ಕೇಳು, ನಿನ್ನ ಕಂಡ್ರೆ ಪ್ರೀತಿ, ಬರ್ತೀನಿ. ಮೂರು ಹಾಡು ಸೇರಿ ಒಂದೇ ಮಾತು!

ಅಳು ತರಿಸುವ ಹಾಡು ಅಂತೀವಲ್ಲ, ಅದರಲ್ಲಿ ಅರ್ಧ ಅಳು ಅದರ ಹಿಂದಿನ ಹಾಡಿನದು. ಜೋರು ಡ್ರಮ್ಮಿನ ಹಾಡು ಮುಗಿದ ಮೇಲೆ ಪಿಯಾನೋ ಒಂದೇ ಕೇಳಿಸಿದರೆ ಎದೆ ಧಸಕ್ಕೆನ್ನುತ್ತದೆ. ಅದೇ ಪಿಯಾನೋ ಎರಡು ನಿಧಾನದ ಹಾಡುಗಳ ಬೆನ್ನಿಗೆ ಬಂದರೆ ಕಣ್ಣು ಎಳೆಯುತ್ತದೆ. ನಡುವಿನ ಮೌನಕ್ಕೂ ಲೆಕ್ಕ ಇದೆ. ಮುಂದಿನ ಹಾಡು ತಕ್ಷಣ ಹಿಡಿದುಕೊಳ್ಳಬೇಕಾ, ಎರಡು ಉಸಿರು ಬಿಟ್ಟು ಬರಬೇಕಾ ಅಂತ ಕೂತು ಕೇಳಿ ಕೇಳಿ ತೀರ್ಮಾನ ಮಾಡುತ್ತಾರೆ.

ಎಲ್‌ಪಿ, ಅಂದರೆ ಎರಡೂ ಸೈಡಿಗೆ ಸೂಜಿ ಇಟ್ಟು ಕೇಳುವ ದೊಡ್ಡ ರೆಕಾರ್ಡುಗಳ ಕಾಲದಲ್ಲಿ ಈ ತೀರ್ಮಾನದಲ್ಲಿ ರೆಕಾರ್ಡಿನ ಕೈವಾಡವೂ ಇತ್ತು. ಅದು ಒಂದು ಸುತ್ತು ತಿರುಗೋಕೆ 1.8 ಸೆಕೆಂಡ್ ಬೇಕು. ಹೊರ ಅಂಚಿನಲ್ಲಿ ಅಷ್ಟು ಹೊತ್ತಿಗೆ ಸೂಜಿಯ ಕೆಳಗೆ ಸುಮಾರು 90 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ನಡುವಿನ ಲೇಬಲ್ ಹತ್ತಿರ ಬಂದಾಗ ಅದರ ಅರ್ಧಕ್ಕಿಂತ ಕಮ್ಮಿ. ಅಷ್ಟೇ ಹೊತ್ತಿನ ಸಂಗೀತ ಅಷ್ಟು ಚಿಕ್ಕ ಜಾಗದಲ್ಲಿ ಹಿಡಿಸಬೇಕು. ಅಲ್ಲಿ ಜೋರು ಹಾಡಿದ್ದರೆ ದನಿ ಒಡೆಯುತ್ತದೆ. ಹಾಗಾಗಿ ಅಬ್ಬರದ ಹಾಡನ್ನು ಸೈಡಿನ ಶುರುವಿಗೆ, ಮೆತ್ತನೆಯದನ್ನು ಕೊನೆಗೆ ಇಡುವ ರೂಢಿ ಬಂತು. ಒಂದು ಸೈಡಿಗೆ ಹಿಡಿಸುತ್ತಿದ್ದದ್ದೂ ಇಪ್ಪತ್ತು ಚಿಲ್ಲರೆ ನಿಮಿಷ ಮಾತ್ರ. ಅಂದರೆ ಒಂದು ಆಲ್ಬಮ್ಮಿಗೆ ಎರಡು ಆರಂಭ, ಎರಡು ಅಂತ್ಯ.

ಈ ಎರಡು ಸೈಡಿನ ಆಟವನ್ನು ಬೀಟಲ್ಸ್ ತಂಡ 1969ರ 'ಅಬ್ಬೆ ರೋಡ್'ನಲ್ಲಿ ಆಡಿದ ರೀತಿಯನ್ನು ನನಗೆ ಎಷ್ಟು ಸಲ ಕೇಳಿದರೂ ಸಾಲದು. ಮೊದಲ ಸೈಡಿನ ಕೊನೆ 'ಐ ವಾಂಟ್ ಯೂ'. ಏಳೂವರೆ ನಿಮಿಷ ದಾಟುವ ಹಾಡು. ಕೊನೆಗೆ ಮಾತೇ ನಿಂತುಹೋಗಿ, ಗಿಟಾರಿನ ಅದೇ ಭಾರದ ಸುತ್ತು ಮತ್ತೆ ಮತ್ತೆ ಬರುತ್ತದೆ. ಹಿಂದಿನಿಂದ ಸಿಂಥಸೈಜರ್‌ನ ಗಾಳಿಯಂಥ ಭೋರ್ಗರೆತ ಏರುತ್ತಾ ಹೋಗುತ್ತದೆ. ಇದು ಮುಗಿಯೋದೇ ಇಲ್ಲವಾ ಅನ್ನಿಸುವ ಹೊತ್ತಿಗೆ ಕತ್ತರಿಸಿದ ಹಾಗೆ ಫಟ್ ಅಂತ ನಿಲ್ಲುತ್ತದೆ. ನಿಜವಾಗಿ ಟೇಪನ್ನೇ ಅಲ್ಲಿ ಕತ್ತರಿಸಿದ್ದರು. ಆಮೇಲೆ ಕೇಳುವವನು ಎದ್ದು, ಸೂಜಿ ಎತ್ತಿ, ರೆಕಾರ್ಡ್ ಮಗುಚಿ ಹಾಕಬೇಕು. ಆ ಮೌನ ಅವನದೇ. ಸೂಜಿ ಇಳಿದರೆ 'ಹಿಯರ್ ಕಮ್ಸ್ ದ ಸನ್'. ತಂಡದ ಜಾರ್ಜ್ ಹ್ಯಾರಿಸನ್‌ರ ಗಿಟಾರ್, ಎಳೆಬಿಸಿಲಿನಂತೆ. ಸಿ.ಡಿ.ಯಲ್ಲಿ ಈ ಬಿಸಿಲು ಕೆಲವೇ ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಆಗಲೂ ಚೆಂದವೇ. ಆದರೆ ಎದ್ದು ಹೋಗಿ ಮಗುಚಿ ಹಾಕಿದವನಿಗೆ ಅದು ಇರುಳು ಕಳೆದು ಬಂದ ಬಿಸಿಲು.

ಅದೇ ಆಲ್ಬಮ್ಮಿನ ಕೊನೆಗೆ 'ಹರ್ ಮೆಜೆಸ್ಟಿ' ಅಂತ 23 ಸೆಕೆಂಡಿನ ಪುಟ್ಟ ಹಾಡಿದೆ. ಅದು ಮೊದಲು ಎರಡನೇ ಸೈಡಿನ ನಡುವೆ ಇತ್ತು. ತಂಡದ ಪಾಲ್ ಮೆಕಾರ್ಟ್ನಿಗೆ ಅದು ಅಲ್ಲಿ ಹಿಡಿಸಲಿಲ್ಲ, ತೆಗೆದುಬಿಡಿ ಅಂದರು. ಟೇಪ್ ನೋಡಿಕೊಳ್ಳುತ್ತಿದ್ದ ಜಾನ್ ಕರ್ಲ್ಯಾಂಡರ್ ಬಿಸಾಡಲಿಲ್ಲ. ಏನನ್ನೂ ಬಿಸಾಡಬಾರದು ಅಂತ ಸ್ಟುಡಿಯೋದಲ್ಲಿ ನಿಯಮ. ಖಾಲಿ ಟೇಪ್ ಒಂದಿಷ್ಟು ಸೇರಿಸಿ ಕೊನೆಗೆ ಅಂಟಿಸಿಟ್ಟರು. ಅದು ಹಾಗೇ ಉಳಿಯಿತು. ಅದಕ್ಕೇ ಆ ಹಾಡು ತನ್ನದಲ್ಲದ ಒಂದು ದಡಬಡ ಸದ್ದಿನಿಂದ ಶುರುವಾಗುತ್ತದೆ. ಅದು ಅದರ ಹಿಂದಿದ್ದ ಹಾಡಿನ ಬಾಲ. ತನ್ನ ಕೊನೆಯ ಸ್ವರವನ್ನು ಮಾತ್ರ ಹಳೆಯ ಜಾಗದಲ್ಲೇ ಬಿಟ್ಟು ಬಂದಿದೆ. 'ದಿ ಎಂಡ್' ಅನ್ನುವ ಭರ್ಜರಿ ಮುಕ್ತಾಯ ಆದಮೇಲೆ, ಎಲ್ಲ ಮುಗಿಯಿತು ಅಂದುಕೊಂಡಾಗ, ಇದು ಬಂದು ಅರ್ಧದಲ್ಲೇ ಹೋಗುತ್ತದೆ. ನಡುವೆ ಇದ್ದಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲವೇನೋ.

ಕ್ರಮ ಹಾಕುವುದು ಹಾಡು ಕಟ್ಟಿದವರೇ ಆಗಬೇಕಂತಿಲ್ಲ. ಯೂ2 ತಂಡದ 'ದ ಜೋಶುವಾ ಟ್ರೀ'ಗೆ (1987) ಕ್ರಮ ಹಾಕಿದ್ದು ಗಾಯಕಿ ಕರ್ಸ್ಟಿ ಮೆಕಾಲ್. ಮೊದಲನೆಯದು ಯಾವುದು, ಕೊನೆಯದು ಯಾವುದು ಅಂತಷ್ಟೇ ತಂಡದವರು ಹೇಳಿದ್ದರು. ಮಿಕ್ಕಿದ್ದನ್ನು ಕರ್ಸ್ಟಿ ತಮಗೆ ಇಷ್ಟವಾದ ಕ್ರಮದಲ್ಲಿ ಜೋಡಿಸಿದರು. ಹೊರಗಿನ ಕಿವಿಗೆ ಕೆಲವು ಸಲ ಚೆನ್ನಾಗಿ ಗೊತ್ತಾಗುತ್ತದೆ.

ಈಗ ಗೆದ್ದ ಹಾಡುಗಳನ್ನೆಲ್ಲ ಮುಂದೆ ತುಂಬಿಬಿಡುವುದು ಜಾಸ್ತಿ ಆಗಿದೆ ಅಂತ ನನಗನ್ನಿಸುತ್ತದೆ. ಅರ್ಧಕ್ಕೇ ಎದ್ದು ಹೋಗುವ ಕೇಳುಗನ ಭಯ. ನನಗೆ ಅದು ಬೇಜಾರು. 2021ರಲ್ಲಿ ತಮ್ಮ '30' ಆಲ್ಬಮ್ ಬಂದಾಗ ಗಾಯಕಿ ಅಡೆಲ್, ಹಾಡುಗಳನ್ನು ಇಟ್ಟ ಕ್ರಮದಲ್ಲೇ ಕೇಳಿಸಿ ಅಂತ ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈಯವರನ್ನು ಕೇಳಿಕೊಂಡಿದ್ದರು. ಆಮೇಲೆ ಆಲ್ಬಮ್ ಪುಟದಲ್ಲಿ ಪ್ಲೇ ಒತ್ತಿದರೆ ಹಾಡುಗಳು ತಾವಾಗಿಯೇ ಕಲಸಿಹೋಗುವುದನ್ನು ತೆಗೆದರು. ಅದನ್ನು ಓದಿದ ದಿನ ನನಗೆ ನಿಜಕ್ಕೂ ಖುಷಿಯಾಗಿತ್ತು.

ಇವತ್ತು ರಾತ್ರಿ ಮುಕ್ಕಾಲು ಗಂಟೆ ಬಿಡುವು ಮಾಡ್ಕೋ. ಬಿಲಿಯ ಆ ಆಲ್ಬಮ್ಮನ್ನೇ ಮೊದಲಿನಿಂದ ಹಾಕು. ಇಷ್ಟವಾಗದ ಹಾಡು ಬಂದರೂ ಮುಂದಕ್ಕೆ ಓಡಿಸಬೇಡ. 13ನೆಯದು ಮುಗಿದಾಗ ಕೈ ಫೋನಿನ ಹತ್ತಿರ ಹೋಗದಿರಲಿ, ಸುಮ್ನೆ ಕೂತಿರು. 14ನೆಯದರ ಕೊನೆಯ ಸಾಲು ಕೇಳಿಸಿಕೊಂಡ ಮೇಲೆ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರ್ತೀನಿ.

ಇಂತಿ,
ನಿನ್ನ ಗೆಳೆಯ