ಮಹಾರಾಜ ಪಾರ್ಕಿನಲ್ಲಿ ಸಿಕ್ಕ ಆ ಅಕ್ಕನಿಗೆ

ಹಾಸನದ ಮಹಾರಾಜ ಪಾರ್ಕಿನಲ್ಲಿ ನಮ್ಮ ಅಮ್ಮನ ಕೈ ಹಿಡಿದ ಅಕ್ಕಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಅಮ್ಮನಿಗೆ ದೇಹದ ಸಮತೋಲನ ನೋಡಿಕೊಳ್ಳುವ ಕಿರುಮೆದುಳಿನಲ್ಲಿ ಸ್ಟ್ರೋಕ್ ಆಗಿತ್ತು. ಎದ್ದು ನಿಂತರೆ ನೆಲವೇ ವಾಲಿದಂತೆ. ವ್ಯಾಯಾಮ ಮಾಡಿದರೆ ತಲೆಸುತ್ತು ಜಾಸ್ತಿ ಆಗುತ್ತದೆ ಅಂತ ಬಿಟ್ಟುಬಿಟ್ಟಿದ್ದರು.

ನೀವು ಫಿಸಿಯೋಥೆರಪಿಸ್ಟ್ ಅಂತ ಆಮೇಲೆ ಗೊತ್ತಾಯಿತು. ಬೆಂಚಿನ ಮೇಲೆ ಕೂರಿಸಿ, "ಅಮ್ಮಾ, ಸ್ವಲ್ಪ ಸುತ್ತು ಬಂದೇ ಬರುತ್ತೆ. ಹೆದರಬೇಡಿ, ಹಾಗೇ ಮೆದುಳು ಕಲಿಯೋದು" ಅಂದಿರಿ. ಕೈ ಚಾಚಿ ಹೆಬ್ಬೆರಳು ನೆಟ್ಟಗೆ ಹಿಡಿಸಿದಿರಿ. ಕಣ್ಣು ಉಗುರಿನ ಮೇಲೆ, ತಲೆ ಮಾತ್ರ ನಿಧಾನವಾಗಿ ಎಡಕ್ಕೆ, ಬಲಕ್ಕೆ. ನೋಡೋಕೆ ಎಷ್ಟು ಸಣ್ಣ ಕೆಲಸ, ಅಲ್ವಾ? ಕಣ್ಣು, ಒಳಕಿವಿ, ಪಾದ ಕಳಿಸುವ ಸುದ್ದಿಯನ್ನು ಮೆದುಳು ಮತ್ತೆ ಹೊಂದಿಸಿಕೊಳ್ಳುವುದು ಹೀಗೇ ಅಂತ ಬಿಡಿಸಿ ಹೇಳಿದಿರಿ. ಕಿವಿಯ ತೊಂದರೆಯಿಂದ ಬರುವ ತಲೆಸುತ್ತಿಗಿಂತ ಮೆದುಳಿನಿಂದ ಬರುವ ಈ ಸುತ್ತು ಸುಧಾರಿಸೋಕೆ ಸಾಮಾನ್ಯವಾಗಿ ಜಾಸ್ತಿ ದಿನ ಬೇಕು ಅಂತಲೂ ಹೇಳಿದಿರಿ. ಪಕ್ಕದಲ್ಲಿ ಯಾರಾದರೂ ಇರಲಿ, ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ ಅಂತ ನನಗೆ ಎರಡು ಸಲ ಹೇಳಿದಿರಿ.

ಈಗ ನಾಲ್ಕು ತಿಂಗಳಾಯಿತು. ಸುತ್ತು ಪೂರ್ತಿ ಹೋಗಿಲ್ಲ. ಆದರೆ ನಿನ್ನೆ ಅಮ್ಮ ಗೋಡೆ ಹಿಡಿಯದೆ ತುಳಸಿಕಟ್ಟೆವರೆಗೆ ನಡೆದು ನೀರು ಹಾಕಿದರು. "ಆ ಮಗು ಚೆನ್ನಾಗಿರಲಿ" ಅಂದರು. ತುಂಬಾ ಥ್ಯಾಂಕ್ಸ್ ಅಕ್ಕಾ.