ಸ್ಕ್ಯಾನ್ ಆದ ಕನ್ನಡ ಪುಸ್ತಕಗಳಿಗೆ ವಿಷಯಸೂಚಿಯೂ ಬೇಕು

ಮಾನ್ಯ ಸಂಪಾದಕರೇ,

ಕನ್ನಡದ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಂತರಜಾಲಕ್ಕೆ ಏರಿಸುವ ಕೆಲಸ ಹಲವು ವರ್ಷಗಳಿಂದ ನಡೆಯುತ್ತಿದೆ. ಸರ್ಕಾರಿ ಸಂಸ್ಥೆಗಳೂ ಸ್ವಯಂಪ್ರೇರಿತ ತಂಡಗಳೂ ಇದಕ್ಕಾಗಿ ದುಡಿದಿವೆ. ಎಲ್ಲೂ ಸಿಗದೆ ಕೈಬಿಟ್ಟಿದ್ದ ಪುಸ್ತಕವೊಂದು ಮೊಬೈಲಿನಲ್ಲಿ ತೆರೆದುಕೊಂಡಾಗ ಆಗುವ ಸಂತೋಷವನ್ನು ನಾನೂ ಅನುಭವಿಸಿದ್ದೇನೆ. ಆದರೆ 30ಕ್ಕೂ ಹೆಚ್ಚು ವರ್ಷ ಗ್ರಂಥಪಾಲಕನಾಗಿದ್ದು ನಿವೃತ್ತನಾದವನಾಗಿ, ಈ ಕೆಲಸದಲ್ಲಿ ಉಳಿದುಹೋಗಿರುವ ಒಂದು ದೊಡ್ಡ ಕೊರತೆಯನ್ನು ಹೇಳಲೇಬೇಕಾಗಿದೆ. ಪುಟಗಳು ಏರುತ್ತಿವೆ, ಯಾವ ಪುಸ್ತಕದಲ್ಲಿ ಯಾವ ವಿಷಯವಿದೆ, ಅದರ ಮುಂದಿನ ಎಳೆ ಬೇರೆ ಯಾವ ಪುಸ್ತಕದಲ್ಲಿದೆ ಎಂದು ತೋರಿಸುವ ಸೂಚಿ ಮಾತ್ರ ಏರುತ್ತಿಲ್ಲ. ಇಂದಿನ ಕಂಪ್ಯೂಟರ್ ಹುಟ್ಟುವ ಮೊದಲೇ ಇಂಥ ಜ್ಞಾನಭಂಡಾರದ ಕನಸು ಕಂಡಿದ್ದವರು ತಮ್ಮ ಶ್ರಮದ ಬಹುಪಾಲನ್ನು ಸುರಿದದ್ದು ಈ ಸೂಚಿಗೇ.

1895ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್ ನಗರದಲ್ಲಿ ಪಾಲ್ ಒಟ್ಲೆ ಮತ್ತು ಆನ್ರಿ ಲ ಫೊಂತೇನ್ ಎಂಬ ಇಬ್ಬರು ವಕೀಲರು, ಲೋಕದಲ್ಲಿ ಅಚ್ಚಾದ ಸಮಸ್ತಕ್ಕೂ ಒಂದೇ ಸೂಚಿಯನ್ನು ಸಿದ್ಧಪಡಿಸಲು ಹೊರಟರು. ಲ ಫೊಂತೇನ್ ಮುಂದೆ 1913ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಆ ಇಬ್ಬರ ಕೈಯಲ್ಲಿದ್ದ ಸಾಧನವೆಂದರೆ 12.5 ಸೆಂಟಿಮೀಟರ್ ಅಗಲ, 7.5 ಸೆಂಟಿಮೀಟರ್ ಎತ್ತರದ ಒಂದು ಕಾರ್ಡು ಮಾತ್ರ. ಮೊದಲ ವರ್ಷದ ಕೊನೆಗೇ ನಾಲ್ಕು ಲಕ್ಷ ನಮೂದುಗಳಾದವು, ಮುಂದಿನ ದಶಕಗಳಲ್ಲಿ ಅವು ಕೋಟಿಯನ್ನು ದಾಟಿದವು. ಅಷ್ಟು ಕಾರ್ಡುಗಳನ್ನು ವಿಷಯವಾರು ಜೋಡಿಸಲು ವಿಷಯಗಳನ್ನು ಅಂಕಿಗಳಲ್ಲಿ ಗುರುತಿಸುವ, ಅಮೆರಿಕದ ಗ್ರಂಥಪಾಲಕ ಡ್ಯೂಯಿಯ ದಶಮಾಂಶ ಪದ್ಧತಿ ಸಾಲದೆ, ಅದನ್ನೇ ವಿಸ್ತರಿಸಿ, ಎರಡು ವಿಷಯಗಳ ನಡುವಿನ ಸಂಬಂಧವನ್ನೂ ಚಿಹ್ನೆಯಲ್ಲಿ ಬರೆಯಬಹುದಾದ ಸಾರ್ವತ್ರಿಕ ದಶಮಾಂಶ ವರ್ಗೀಕರಣವನ್ನು ಅವರು ರೂಪಿಸಿದರು. ಅಂಚೆಯಲ್ಲಿ ಪ್ರಶ್ನೆ ಬರೆದು ಕಳಿಸಿದವರಿಗೆ ಶುಲ್ಕ ಪಡೆದು, ಸಂಬಂಧಪಟ್ಟ ಕಾರ್ಡುಗಳನ್ನು ನಕಲು ಮಾಡಿ ಕಳಿಸುವ ವ್ಯವಸ್ಥೆಯೂ ಅಲ್ಲಿತ್ತು. 1912ರ ಹೊತ್ತಿಗೆ ವರ್ಷಕ್ಕೆ 1,500ಕ್ಕೂ ಹೆಚ್ಚು ಪ್ರಶ್ನೆಗಳಿಗೆ ಹೀಗೆ ಉತ್ತರ ಹೋಗುತ್ತಿತ್ತು. ಉತ್ತರದ ಕಾರ್ಡುಗಳು 50ನ್ನು ಮೀರುವಂತಿದ್ದರೆ ಪ್ರಶ್ನೆ ಕೇಳಿದವರಿಗೆ ಮೊದಲೇ ತಿಳಿಸುತ್ತಿದ್ದರು.

ಪುಸ್ತಕಗಳೇ ಇಲ್ಲದ ಒಂದು ಮೇಜು, ಅದರ ಮೇಲೊಂದು ಪರದೆ ಮತ್ತು ದೂರವಾಣಿ, ದೂರದ ದೊಡ್ಡ ಕಟ್ಟಡದಲ್ಲಿ ಎಲ್ಲ ಗ್ರಂಥಗಳೂ ಇದ್ದು ಕೇಳಿದ ಪುಟ ಆ ಪರದೆಯ ಮೇಲೆ ಮೂಡುವುದು: ಇದನ್ನು ಒಟ್ಲೆ 1934ರಲ್ಲೇ ಬರೆದರು. ಅದೇ ವರ್ಷ ಅಲ್ಲಿನ ಸರ್ಕಾರ ಅವರ ಸಂಸ್ಥೆಗೆ ಕೊಟ್ಟಿದ್ದ ಜಾಗವನ್ನು ಮುಚ್ಚಿಸಿತು. 1940ರಲ್ಲಿ ಬ್ರಸೆಲ್ಸ್ ಜರ್ಮನ್ ಸೇನೆಯ ವಶವಾದ ಮೇಲೆ, ಚಿತ್ರಕಲಾ ಪ್ರದರ್ಶನವೊಂದಕ್ಕೆ ಜಾಗ ಬೇಕೆಂದು ಸಂಗ್ರಹವನ್ನು ಅಲ್ಲಿಂದ ತೆರವು ಮಾಡಲಾಯಿತು. 1944ರ ಡಿಸೆಂಬರ್‌ನಲ್ಲಿ ಒಟ್ಲೆ ತೀರಿಕೊಂಡಾಗ ಅರ್ಧ ಶತಮಾನದ ಆ ದುಡಿಮೆಯನ್ನು ಕೇಳುವವರಿರಲಿಲ್ಲ. ಅಳಿದುಳಿದ ಕಾರ್ಡುಗಳಿಗೆ ಮೋನ್ಸ್ ಪಟ್ಟಣದಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆದದ್ದು 1998ರಲ್ಲಿ.

ಒಟ್ಲೆ ತೀರಿಕೊಂಡ ಏಳೇ ತಿಂಗಳಿಗೆ, 1945ರ ಜುಲೈಯಲ್ಲಿ, ಅಮೆರಿಕದ ವನೆವರ್ ಬುಷ್ ಮಾಸಪತ್ರಿಕೆಯೊಂದರಲ್ಲಿ ‘ಮೆಮೆಕ್ಸ್’ ಎಂಬ ಯಂತ್ರದ ಕಲ್ಪನೆಯನ್ನು ಮುಂದಿಟ್ಟರು. ಯುದ್ಧಕಾಲದಲ್ಲಿ ಆ ದೇಶದ ವಿಜ್ಞಾನಿಗಳ ಕೆಲಸವನ್ನೆಲ್ಲ ನಡೆಸಿದ್ದ ಅವರು, ಸಂಶೋಧನೆಗಳು ಬೆಟ್ಟದಂತೆ ಬೆಳೆಯುತ್ತಿದ್ದರೂ ಬೇಕಾದವರ ಕೈಗೆ ಸೇರುತ್ತಿಲ್ಲ ಎಂದು ಚಿಂತಿಸಿ, ಮೆಂಡೆಲ್‌ನ ಉದಾಹರಣೆ ಕೊಟ್ಟಿದ್ದರು. 1866ರಲ್ಲಿ ಪ್ರಕಟವಾದ ಆತನ ಅನುವಂಶೀಯತೆಯ ನಿಯಮಗಳು 1900ರವರೆಗೆ ಅರ್ಥವಾಗಬೇಕಾದವರ ಕಣ್ಣಿಗೆ ಬೀಳದೇ ಉಳಿದವು. ಅಚ್ಚಾಗಿತ್ತು, ಗ್ರಂಥಾಲಯಗಳಲ್ಲಿ ಇತ್ತು, ಆದರೂ 34 ವರ್ಷ ಇಲ್ಲದಂತೆಯೇ ಇತ್ತು. ಸ್ಕ್ಯಾನ್ ಮಾಡಿದರೆ ಸಾಕು, ಜ್ಞಾನ ಉಳಿದಂತೆ ಎನ್ನುವವರು ಈ ಮಾತನ್ನು ಗಮನಿಸಬೇಕು.

ಬುಷ್ ಅವರ ಮೆಮೆಕ್ಸ್ ಒಂದು ಮೇಜು. ಅದರೊಳಗೆ ಮೈಕ್ರೋಫಿಲ್ಮ್‌ನಲ್ಲಿ ಪುಸ್ತಕಗಳು, ಮೇಲೆ ಇಳಿಜಾರಾದ ಪರದೆಗಳು, ಪುಟ ತಿರುಗಿಸಲು ಒಂದು ಸನ್ನೆಕೋಲು. ಓದುಗ ಒಂದು ಪುಟವನ್ನು ಇನ್ನೊಂದು ಪುಸ್ತಕದ ಪುಟಕ್ಕೆ ಗಂಟು ಹಾಕುತ್ತ ಹೋದರೆ ಅದೊಂದು ಜಾಡಾಗಿ ಶಾಶ್ವತವಾಗಿ ಉಳಿಯಬೇಕು, ಅದನ್ನು ಗೆಳೆಯನಿಗೂ ಕೊಡಲು ಬರಬೇಕು ಎಂಬುದು ಅವರ ಆಸೆ. ಇಂಥ ಜಾಡು ಹಾಕಿಕೊಡುವುದೇ ಮುಂದೆ ಒಂದು ವೃತ್ತಿಯಾಗುತ್ತದೆ ಎಂದೂ ಅವರು ನಿರೀಕ್ಷಿಸಿದ್ದರು. ಆ ಲೇಖನವನ್ನು ಫಿಲಿಪ್ಪೀನ್ಸ್‌ನ ರೆಡ್ ಕ್ರಾಸ್ ವಾಚನಾಲಯವೊಂದರಲ್ಲಿ ಓದಿದ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ತರುಣ, 1968ರಲ್ಲಿ ಮೌಸ್ ಹಿಡಿದು ಕಂಪ್ಯೂಟರ್ ಪರದೆಯ ಮೇಲೆ ಕೊಂಡಿಗಳನ್ನು ತೆರೆದು ತೋರಿಸಿದರು.

ವರ್ಗೀಕರಣದ ಬಗ್ಗೆ ಬುಷ್ ಅವರಿಗೆ ಅಸಮಾಧಾನವಿತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಒಂದು ಪುಸ್ತಕಕ್ಕೆ ಒಂದೇ ಜಾಗ ಕೊಡುವ ಸೂಚಿ ಕೃತಕವಾದದ್ದು, ಮನುಷ್ಯನ ಮನಸ್ಸು ಒಂದರಿಂದ ಇನ್ನೊಂದನ್ನು ನೆನೆಯುತ್ತ ಸಾಗುತ್ತದೆ ಎಂದು ಅವರು ವಾದಿಸಿದರು. ಆ ಆಕ್ಷೇಪಕ್ಕೆ ಒಂದು ಒಳ್ಳೆಯ ಉತ್ತರ ಅದಾಗಲೇ ಭಾರತದಲ್ಲಿ ಸಿದ್ಧವಾಗಿತ್ತು. ಗಣಿತದ ಮೇಷ್ಟ್ರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಅವರು ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆಯನ್ನು ಕಂಡರು. ಅವೇ ಪಟ್ಟಿಗಳು, ಅವೇ ತಿರುಪುಗಳು. ಜೋಡಿಸುವ ರೀತಿ ಬೇರೆಯಾದರೆ ಆಟಿಕೆಯೇ ಬೇರೆ. ಅದರಿಂದ ಹುಟ್ಟಿ 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣದಲ್ಲಿ ಪುಸ್ತಕದ ವಿಷಯವನ್ನು ಮೊದಲು ಬಿಡಿಸಿ, ಆಮೇಲೆ ಜೋಡಿಸಲಾಗುತ್ತದೆ. ಭಾರತದಲ್ಲಿ 1950ರ ದಶಕದಲ್ಲಿ ಶ್ವಾಸಕೋಶದ ಕ್ಷಯಕ್ಕೆ ಕ್ಷ-ಕಿರಣ ಚಿಕಿತ್ಸೆಯ ಕುರಿತ ಸಂಶೋಧನೆ ಎಂದರೆ ವೈದ್ಯಕೀಯ, ಶ್ವಾಸಕೋಶ, ಕ್ಷಯ, ಚಿಕಿತ್ಸೆ, ಕ್ಷ-ಕಿರಣ, ಸಂಶೋಧನೆ, ಭಾರತ, ಕಾಲ ಹೀಗೆ ಪ್ರತಿಯೊಂದು ಮುಖಕ್ಕೂ ಒಂದು ಗುರುತು ಬೀಳುತ್ತದೆ. ಅದರಿಂದ ತಯಾರಾಗುವ ಸೂಚಿಯನ್ನು ಓದುಗ ಇವುಗಳಲ್ಲಿ ಯಾವ ಬಾಗಿಲಿನಿಂದಲಾದರೂ ಪ್ರವೇಶಿಸಬಹುದು. ರಂಗನಾಥನ್ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲೇ ನೆಲೆಸಿದ್ದರು. 1962ರಲ್ಲಿ ಇಲ್ಲಿಯೇ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ ಪ್ರಲೇಖನ (ಡಾಕ್ಯುಮೆಂಟೇಶನ್) ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರು ಬಾಳಿದ ಊರಿನ ಭಾಷೆಯ ಪುಸ್ತಕಗಳೇ ಇಂದು ಸೂಚಿಯಿಲ್ಲದೆ ಬಿದ್ದಿರುವುದು ನನಗೆ ನೋವಿನ ಸಂಗತಿ.

ನಾನು ಕೆಲಸ ಮಾಡಿದ ಗ್ರಂಥಾಲಯದಲ್ಲಿ ‘ಕೆರೆ’ ಎಂಬ ಶೀರ್ಷಿಕೆಯ ಕೆಳಗೆ ಒಂದು ಕಾರ್ಡಿತ್ತು. ಕಂಬಿ ತೂರುವ ತೂತಿನ ಸುತ್ತ ಸವೆದು, ಮೇಲಂಚು ಬೆರಳಿನ ಎಣ್ಣೆಗೆ ಕಂದಿದ್ದ ಆ ಕಾರ್ಡಿನಲ್ಲಿ ನನಗಿಂತ ಹಿಂದಿನವರು ಮಸಿಯಲ್ಲಿ ಹೀಗೆ ಬರೆದಿದ್ದರು: ‘ಇದನ್ನೂ ನೋಡಿ: ತೂಬು, ಕೋಡಿ, ಬಿತ್ತುವಟ್ಟ, ಶಾಸನಗಳು, ದಾನ, ಜನಪದ ಗೀತೆ, ಭಾಗೀರಥಿ.’ ಏರಿಯ ದುರಸ್ತಿಯ ಬಗ್ಗೆ ಓದಲು ಬಂದವರು ಆ ಒಂದು ಸಾಲನ್ನು ಹಿಡಿದು, ಕೆರೆಯ ಪಾಲನೆಗೆ ಗದ್ದೆಯನ್ನು ಬಿಟ್ಟುಕೊಟ್ಟ ಬಿತ್ತುವಟ್ಟದ ಶಾಸನಗಳಿಗೂ, ಕೆರೆಗೆ ಹಾರವಾದ ಸೊಸೆ ಭಾಗೀರಥಿಯ ಕಥನಗೀತೆಗೂ ಹೋಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ಬುಷ್ ಬಯಸಿದ ಜಾಡು ಅದೇ. ಗಣಕೀಕರಣವಾದಾಗ ಶೀರ್ಷಿಕೆ, ಲೇಖಕ, ಪ್ರಕಾಶಕ, ಬೆಲೆ, ಅಕ್ಸೆಷನ್ ನಂಬರ್ (ಪುಸ್ತಕದ ದಾಖಲೆ ಸಂಖ್ಯೆ) ಇಷ್ಟೇ ಕಂಪ್ಯೂಟರಿಗೆ ಹೋದವು. ‘ಇದನ್ನೂ ನೋಡಿ’ ಕಾರ್ಡುಗಳಿಗೆ ತಂತ್ರಾಂಶದಲ್ಲಿ ಜಾಗವಿಲ್ಲವೆಂದು ಅವನ್ನು ಬಿಡಲಾಯಿತು, ಕಾರ್ಡಿನ ಡ್ರಾಯರುಗಳು ಗುಜರಿಗೆ ಹೋದವು. ಆ ದಿನ ನಾನು ಇನ್ನಷ್ಟು ಗಟ್ಟಿಯಾಗಿ ಬೇಡವೆನ್ನಬೇಕಿತ್ತು.

ಪಠ್ಯವನ್ನೇ ಹುಡುಕಬಲ್ಲ ಯಂತ್ರವಿರುವಾಗ ಸೂಚಿ ಏಕೆ ಎಂದು ಕೇಳುವವರಿದ್ದಾರೆ. ನಮ್ಮ ಬಹಳಷ್ಟು ಸ್ಕ್ಯಾನ್ ಪ್ರತಿಗಳು ಇಂದಿಗೂ ಬರಿಯ ಚಿತ್ರಗಳು. ಅಕ್ಷರ ಗುರುತಿಸುವ ತಂತ್ರಾಂಶ ಹಳೆಯ ಅಚ್ಚಿನ ಒತ್ತಕ್ಷರಗಳಲ್ಲಿ ಎಡವುತ್ತದೆ. ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಮನಬಂದಂತೆ ಬರೆದಿರುವ ಕಡೆಗಳಲ್ಲಿ ‘ಲ’ ಮತ್ತು ‘ಳ’ಗಳ ಭೇದವೇ ಅಳಿಸಿಹೋಗಿ, ಪುಸ್ತಕದ ಹೆಸರು ಗೊತ್ತಿದ್ದವರಿಗೂ ಅದು ಸಿಗುವುದಿಲ್ಲ. ಇವೆಲ್ಲ ಸರಿಹೋದರೂ ಮೂಲ ತೊಡಕು ಉಳಿಯುತ್ತದೆ. ‘ಕೆರೆ’ ಎಂದು ಹುಡುಕಿದರೆ ಶಾಸನದ ‘ತಟಾಕ’ ಸಿಗದು, ಮಲೆನಾಡಿನ ‘ಮದಗ’ ಸಿಗದು, ‘ಸಮುದ್ರ’ ಎಂದು ಕೊನೆಗೊಳ್ಳುವ ಕೆರೆಗಳ ಹೆಸರು ಸಿಗದು. ಇವೆಲ್ಲ ಒಂದೇ ಎಂದು ಬಲ್ಲವರೊಬ್ಬರು ಎಲ್ಲಾದರೂ ಬರೆದಿಟ್ಟಿರಬೇಕು. ಈಗ ಬಂದಿರುವ ಕೃತಕ ಬುದ್ಧಿಮತ್ತೆಯ ಸಾಧನಗಳು ಪ್ರಶ್ನೆಗೆ ಸರಾಗವಾಗಿ ಉತ್ತರ ಕೊಡುತ್ತವೆಯಾದರೂ, ಆ ಉತ್ತರ ಯಾವ ಪುಸ್ತಕದ ಯಾವ ಪುಟದಿಂದ ಬಂತೆಂಬ ಜಾಡು ಎಷ್ಟೋ ಸಲ ಓದುಗನ ಕೈಗೆ ಬರುವುದಿಲ್ಲ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ವಿನಂತಿ ಇದು. ಸ್ಕ್ಯಾನ್ ಮಾಡುವ ಪ್ರತಿ ಪುಸ್ತಕದ ಪರಿವಿಡಿಯನ್ನೂ, ಕೊನೆಯ ಪದಸೂಚಿ ಇದ್ದರೆ ಅದನ್ನೂ ಕನ್ನಡ ಲಿಪಿಯಲ್ಲೇ ಟೈಪ್ ಮಾಡಿಸಬೇಕು. ಪುಸ್ತಕಕ್ಕೆ ಒಂದೇ ವಿಷಯ ಹಚ್ಚಿ ಕೈತೊಳೆದುಕೊಳ್ಳದೆ, ಅದರ ಎಲ್ಲ ಮುಖಗಳನ್ನೂ ನಮೂದಿಸಿ, ‘ಇದನ್ನೂ ನೋಡಿ’ ಎಂಬ ಕೊಂಡಿಗಳನ್ನು ಹಾಕಬೇಕು. ಇದಕ್ಕೆ ಬೇಕಾದ ತರಬೇತಿ ಪಡೆದು ಕೆಲಸವಿಲ್ಲದೆ ಕುಳಿತಿರುವ ಗ್ರಂಥಾಲಯ ವಿಜ್ಞಾನದ ಪದವೀಧರರು ನಮ್ಮಲ್ಲಿದ್ದಾರೆ. ನಾಡಿನ ಯಾವುದೇ ಗ್ರಂಥಾಲಯದ ಮೂಲೆಯಲ್ಲಿ ಇನ್ನೂ ಕಾರ್ಡ್ ಕ್ಯಾಬಿನೆಟ್ ಉಳಿದಿದ್ದರೆ, ಅದನ್ನು ತೂಕಕ್ಕೆ ಹಾಕುವ ಮೊದಲು ಒಂದೊಂದು ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದಿಡಬೇಕೆಂದು ಅಲ್ಲಿನ ಗ್ರಂಥಪಾಲಕರನ್ನು ಬೇಡಿಕೊಳ್ಳುತ್ತೇನೆ.

ಇತಿ,
ನಿವೃತ್ತ ಗ್ರಂಥಪಾಲಕ, ಶಿವಮೊಗ್ಗ ಜಿಲ್ಲೆ