ಆನ್‌ಲೈನ್ ಖರೀದಿ: ವಾಪಸ್ ಮಾಡುವ ದಾರಿ ಹಳ್ಳಿಗೂ ಬರಲಿ

ಮಾನ್ಯ ಸಂಪಾದಕರೆ,

ಹಬ್ಬದ ದಿನಗಳು ಹತ್ತಿರವಾದಂತೆ ಆನ್‌ಲೈನ್ ರಿಯಾಯಿತಿ ಮಾರಾಟದ ಜಾಹೀರಾತುಗಳು ಪುಟ ತುಂಬ ಬರುತ್ತವೆ. ಅವುಗಳ ಬೆನ್ನಿಗೇ, ಹಳ್ಳಿಯ ಜನ ಆನ್‌ಲೈನ್ ಖರೀದಿಗೆ ಇನ್ನೂ ಹಿಂಜರಿಯುತ್ತಾರೆ, ಅವರಿಗೆ ಡಿಜಿಟಲ್ ತಿಳಿವಳಿಕೆ ಸಾಲದು ಎಂಬ ಮಾತೂ ಎಲ್ಲಾದರೂ ಓದಲು ಸಿಗುತ್ತದೆ. ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 31 ವರ್ಷ ಶಾಖಾ ಅಂಚೆ ಕಚೇರಿ ನೋಡಿಕೊಂಡು ನಿವೃತ್ತನಾಗಿರುವ ನನಗೆ ಈ ಮಾತನ್ನು ಒಪ್ಪಲು ಆಗುವುದಿಲ್ಲ. ಯುಪಿಐ ಬಂದದ್ದು 2016ರಲ್ಲಿ. ಇವತ್ತು ನಮ್ಮೂರಿಗೆ ಬರುವ ಮೀನಿನ ಗಾಡಿಯಲ್ಲೂ ಕ್ಯೂಆರ್ ಕೋಡಿನ ಹಲಗೆ ತೂಗಾಡುತ್ತದೆ, ಅರವತ್ತು ದಾಟಿದ ಹೆಂಗಸರೂ ಅದಕ್ಕೆ ಮೊಬೈಲ್ ಹಿಡಿದು ಹಣ ಕಳಿಸುತ್ತಾರೆ. ಅದೇ ಹೆಂಗಸರು ಆನ್‌ಲೈನಿನಲ್ಲಿ ಸೀರೆಯೋ ಕುಕ್ಕರೋ ತರಿಸುವಾಗ ಮಾತ್ರ, 'ದುಡ್ಡು ಮೊದಲೇ ಕೊಡೋದು ಬೇಡ, ಸಾಮಾನು ಕೈಗೆ ಬಂದ ಮೇಲೆ ಕೊಡೋಣ' ಎನ್ನುತ್ತಾರೆ. ಮೊಬೈಲ್ ಬಳಸಲು ಬಾರದವರು ಆಡುವ ಮಾತು ಇದಲ್ಲ. ಮೀನು ಕೊಳೆತಿದ್ದರೆ ಗಾಡಿಯವನನ್ನು ಮಾರನೆಯ ದಿನ ಅದೇ ತಿರುವಿನಲ್ಲಿ ನಿಲ್ಲಿಸಿ ಕೇಳಬಹುದು, ಪಾರ್ಸೆಲ್ ಕಳಿಸಿದವನನ್ನು ಎಲ್ಲಿ ನಿಲ್ಲಿಸಿ ಕೇಳುವುದು ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆ ಹೊಸದೇನೂ ಅಲ್ಲ. ಮನೆಬಾಗಿಲಿಗೆ ಸಾಮಾನು ತರಿಸಿಕೊಂಡು ಅಲ್ಲೇ ಹಣ ಕೊಡುವ ಪದ್ಧತಿ ಆನ್‌ಲೈನ್ ಕಂಪನಿಗಳಿಂದ ಶುರುವಾಯಿತು ಎಂದು ಇಂದಿನ ಹುಡುಗರು ತಿಳಿದಿರಬಹುದು. ಅಂಚೆಯ ವಿ.ಪಿ.ಪಿ. (ವ್ಯಾಲ್ಯೂ ಪೇಯಬಲ್ ಪೋಸ್ಟ್) ಅದನ್ನು ಮೊದಲೇ ಮಾಡುತ್ತಿತ್ತು. ಪುಸ್ತಕ, ಔಷಧ, ಹೊಲಿಗೆ ಯಂತ್ರದ ಬಿಡಿಭಾಗ, ಕೈಗಡಿಯಾರ ಎಲ್ಲವೂ 'ವಿ.ಪಿ.'ಯಲ್ಲಿ ಬರುತ್ತಿದ್ದವು. ಹಣ ಕಟ್ಟಿ ಪೊಟ್ಟಣ ಬಿಡಿಸಿಕೊಳ್ಳಬೇಕಿತ್ತು, ಆ ಹಣ ಮನಿಯಾರ್ಡರ್ ಆಗಿ ಕಳಿಸಿದವರಿಗೆ ಹೋಗುತ್ತಿತ್ತು. ಆಗಲೂ ಮೋಸ ಇತ್ತು. ಜಾಹೀರಾತು ನೋಡಿ ಗಡಿಯಾರಕ್ಕೆ ಬರೆದು ಹಾಕಿದ್ದ ಒಬ್ಬರ ಪೊಟ್ಟಣದೊಳಗೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ಮರದ ತುಂಡು ಬಂದಿದ್ದನ್ನು ನಾನು ನನ್ನ ಮೇಜಿನ ಮೇಲೆಯೇ ನೋಡಿದ್ದೇನೆ. ಆದರೆ 1898ರ ಅಂಚೆ ಕಚೇರಿ ಕಾಯ್ದೆ ಬರೆದವರು ಇಂಥದ್ದು ನಡೆಯುತ್ತದೆ ಎಂದು ಮುಂಚೆಯೇ ಊಹಿಸಿದ್ದರು. ನಿಜವಾಗಿ ಬಂದ ಬೇಡಿಕೆಯ ಮೇಲೆಯೇ ಈ ವಸ್ತುವನ್ನು ಕಳಿಸುತ್ತಿದ್ದೇನೆ ಎಂದು ಕಳಿಸುವವನಿಂದ ಘೋಷಣೆ ಪಡೆಯುವುದಕ್ಕೂ, ಮೋಸವಾಗಿದ್ದರೆ ವಸೂಲಾದ ಹಣವನ್ನು ತಡೆಹಿಡಿದು ಪಡೆದವನಿಗೆ ಮರಳಿಸುವುದಕ್ಕೂ ನಿಯಮ ಮಾಡಲು ಆ ಕಾಯ್ದೆಯಲ್ಲೇ ಅವಕಾಶವಿತ್ತು. ಮರದ ತುಂಡು ಸಿಕ್ಕವರ ಪರವಾಗಿ ಅರ್ಜಿಯನ್ನು ನಾನೇ ಬರೆದು ಮೇಲಿನ ಕಚೇರಿಗೆ ಕಳಿಸಿದೆ. ತಿಂಗಳುಗಳೇ ಹಿಡಿದವು, ಆದರೂ ಹಣ ಬಂತು, ನಾನೇ ಎಣಿಸಿ ಕೊಟ್ಟೆ. ಅಂದು ಅವರಿಗೆ ದೂರು ಹೇಳಿಕೊಳ್ಳಲು ಒಂದು ಮೇಜಿತ್ತು, ಮೇಜಿನ ಆಚೆ ಕನ್ನಡ ಮಾತನಾಡುವ, ಅವರ ಮನೆ ಎಲ್ಲಿದೆಯೆಂದು ಬಲ್ಲ ಒಬ್ಬ ಮನುಷ್ಯನಿದ್ದ. 1898ರ ಆ ಕಾಯ್ದೆಯ ಜಾಗಕ್ಕೆ ಈಗ 2023ರ ಹೊಸ ಕಾಯ್ದೆ ಬಂದಿದೆ, ಆದರೆ ಆ ಮೇಜಿನ ಜಾಗಕ್ಕೆ ಆನ್‌ಲೈನ್ ವ್ಯಾಪಾರದಲ್ಲಿ ಏನೂ ಬಂದಿಲ್ಲ ಎಂಬುದೇ ನಾನು ಈ ಪತ್ರ ಬರೆಯಲು ಕಾರಣ.

ಆನ್‌ಲೈನ್ ವ್ಯಾಪಾರವನ್ನು ನಾನು ವಿರೋಧಿಸುವವನಲ್ಲ. ಮೊದಲೆಲ್ಲ ಮಿಕ್ಸಿಯ ಒಂದು ವಾಷರ್ ಬೇಕಾದರೂ ಶಿವಮೊಗ್ಗದ ಬಸ್ಸು ಹತ್ತಿ ಒಂದು ದಿನದ ಕೆಲಸ ಕೆಡಿಸಿಕೊಳ್ಳಬೇಕಿತ್ತು. ಶ್ರವಣ ಯಂತ್ರದ ಪುಟ್ಟ ಬ್ಯಾಟರಿ, ಮಧುಮೇಹಿಗಳು ರಕ್ತ ಪರೀಕ್ಷಿಸುವ ಪಟ್ಟಿ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಇವೆಲ್ಲ ಈಗ ನಾಲ್ಕೈದು ದಿನದಲ್ಲಿ ಊರಿಗೇ ಬರುತ್ತವೆ. ಹಳ್ಳಿಗೆ ಇದು ಸಣ್ಣ ಉಪಕಾರವಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಲು ಹುಟ್ಟಿದ ಫ್ಲಿಪ್‌ಕಾರ್ಟ್, 2010ರಲ್ಲಿ ಸಾಮಾನು ತಲುಪಿದ ಮೇಲೆ ನಗದು ಪಡೆಯುವ ಕ್ರಮವನ್ನು ತಂದ ಮೇಲೆಯೇ ಕಾರ್ಡಿಲ್ಲದ, ಕಾರ್ಡಿದ್ದರೂ ಅದರ ಸಂಖ್ಯೆಯನ್ನು ಎಲ್ಲೋ ಬರೆಯಲು ಹೆದರುವ ಜನರಿಗೂ ಈ ಬಾಗಿಲು ತೆರೆಯಿತು. ನಮ್ಮ ಕಡೆ ಆನ್‌ಲೈನ್ ಖರೀದಿಯ ಮೇಲೆ ಇರುವಷ್ಟು ನಂಬಿಕೆ ಹುಟ್ಟಿದ್ದು ಈ ನಗದು ಪಾವತಿಯಿಂದ. ಈಗ ನಗದು ಕೊಡುತ್ತೇನೆ ಎಂದರೆ ಬಿಲ್ಲಿನ ಕೊನೆಯಲ್ಲಿ ಹೆಚ್ಚುವರಿ ಶುಲ್ಕವೊಂದು ಬಂದು ಕೂರುತ್ತಿದೆ. ಈ ಬಗ್ಗೆ ಬಂದ ದೂರುಗಳ ಮೇಲೆ ತನಿಖೆ ನಡೆಯುತ್ತಿದೆ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಅವರು 2025ರ ಅಕ್ಟೋಬರಿನಲ್ಲಿ ಹೇಳಿದ್ದರು. ನಂಬಿಕೆ ಸಾಲದವನು ತನ್ನ ಎಚ್ಚರಿಕೆಗೆ ದಂಡ ಕಟ್ಟಬೇಕು ಎನ್ನುವುದು ಯಾವ ನ್ಯಾಯ?

ಕಳೆದ ವರ್ಷ ನನಗೇ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಂಥದ್ದು ನಮ್ಮ ಸುತ್ತಿನ ಹಲವು ಮನೆಗಳಲ್ಲಿ ಆಗಿದೆ. ನನ್ನ ಹೆಂಡತಿಗೆ ಬಿ.ಪಿ. ಇರುವುದರಿಂದ ಮನೆಯಲ್ಲೇ ನೋಡಿಕೊಳ್ಳೋಣವೆಂದು 1,640 ರೂಪಾಯಿಯ ಒಂದು ಬಿ.ಪಿ. ಯಂತ್ರ ತರಿಸಿದೆ. ನಗದು ಕೊಟ್ಟೆ. ಯಂತ್ರದ ಪಟ್ಟಿಗೆ ಗಾಳಿ ತುಂಬುತ್ತಿತ್ತು, ಪರದೆಯ ಮೇಲೆ ಅಂಕಿ ಮಾತ್ರ ಮೂಡುತ್ತಿರಲಿಲ್ಲ. ಮಗನಿಗೆ ಫೋನ್ ಮಾಡಿ, ಅವನು ಹೇಳಿಕೊಟ್ಟಂತೆ ವಾಪಸ್ ಕೋರಿಕೆ ಹಾಕಿದೆ. ಸಾಮಾನನ್ನು ಒಯ್ಯಲು ಇಂಥ ದಿನ ಬರುತ್ತಾರೆ ಎಂದು ಸಂದೇಶ ಬಂತು. ಆ ದಿನ ತೋಟಕ್ಕೂ ಇಳಿಯದೆ ಅಂಗಳದಲ್ಲೇ ಕಾದೆ. ಯಾರೂ ಬರಲಿಲ್ಲ. ಸಂಜೆ ಇನ್ನೊಂದು ಸಂದೇಶ ಬಂತು: ಗ್ರಾಹಕರು ಮನೆಯಲ್ಲಿ ಇರಲಿಲ್ಲ. ಹೀಗೆ ಮೂರು ಸಲ ಆಯಿತು, ಮೂರನೆಯ ಸಲದ ಹೊತ್ತಿಗೆ ವಾಪಸ್ ಮಾಡುವ ಅವಧಿಯೂ ಮುಗಿಯಿತು. ಪಾರ್ಸೆಲ್ ತರುವ ಹುಡುಗನನ್ನು ನಾನು ದೂರುವುದಿಲ್ಲ. ಎಣಿಕೆಯ ಮೇಲೆ ಸಂಬಳ ಪಡೆಯುವವನು, ಹೊಳೆ ದಾಟಿ, ಜಲ್ಲಿ ಕಿತ್ತ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಬಂದು, ಒಂದು ಹಾಳಾದ ಯಂತ್ರ ಹೊತ್ತು ಹೋಗಿ ಅವನಿಗೆ ಏನು ಉಳಿಯುತ್ತದೆ? ಆದರೆ ಅವನು ಬಂದಿಲ್ಲದ್ದನ್ನು ನಾನು ಇರಲಿಲ್ಲ ಎಂದು ಬರೆಯಲು ಅವಕಾಶ ಕೊಟ್ಟಿರುವ ವ್ಯವಸ್ಥೆಯನ್ನು ದೂರಲೇಬೇಕು. ಸಾಮಾನು ಕೊಡುವಾಗ ನನ್ನ ಮೊಬೈಲಿಗೆ ಬಂದ ಓಟಿಪಿ ಹೇಳದೆ ಪೆಟ್ಟಿಗೆ ಕೊಡಲಿಲ್ಲ. ಒಯ್ಯಲು ಬಂದೆ ಎಂದು ಬರೆಯುವುದಕ್ಕೆ ಮಾತ್ರ ಯಾವ ಓಟಿಪಿಯೂ ಬೇಕಿಲ್ಲ.

ಸಹಾಯವಾಣಿಗೆ ಕರೆ ಮಾಡಿದರೆ ಯಂತ್ರದ ಧ್ವನಿ, ಅದರ ನಂತರ ಹಿಂದಿ ಅಥವಾ ಇಂಗ್ಲಿಷ್. ದೊಡ್ಡ ತಾಣಗಳು 2020ರಲ್ಲಿ ಕನ್ನಡವನ್ನು ಸೇರಿಸಿಕೊಂಡಾಗ ನಾನೂ ಸಂತೋಷಪಟ್ಟಿದ್ದೆ. ಆದರೆ ನಾನು ಬಳಸಿದ ತಾಣದಲ್ಲಿ ಕೊಳ್ಳುವ ಗುಂಡಿಯವರೆಗೆ ಮಾತ್ರ ಕನ್ನಡವಿತ್ತು, ವಾಪಸಾತಿಯ ಷರತ್ತು ಪೂರ್ತಿ ಇಂಗ್ಲಿಷಿನಲ್ಲೇ ಇತ್ತು. ಹಣ ಕೊಡುವವರೆಗೆ ನಮ್ಮ ಭಾಷೆ, ಹಣ ಕೇಳುವಾಗ ಅವರ ಭಾಷೆ ಎಂದಾದರೆ ಜನ ಹೇಗೆ ನಂಬುತ್ತಾರೆ?

ಸಹಾಯವಾಣಿ ಸಿಗದೆ ಹೋದಾಗ ಆಗುವ ಅನಾಹುತ ಇನ್ನೂ ದೊಡ್ಡದು. ನಮ್ಮ ಪಕ್ಕದೂರಿನ ಒಬ್ಬರು ಅಂಟು ಬಿಟ್ಟ ಚಪ್ಪಲಿಯನ್ನು ವಾಪಸ್ ಮಾಡಲು, ಅಂತರ್ಜಾಲದಲ್ಲಿ ಹುಡುಕಿ ಮೊದಲು ಸಿಕ್ಕ ಗ್ರಾಹಕ ಸೇವೆಯ ಸಂಖ್ಯೆಗೆ ಕರೆ ಮಾಡಿದರು. ಅದು ಕಂಪನಿಯದ್ದಾಗಿರಲಿಲ್ಲ. ಆ ಕಡೆಯವನು ಮೊಬೈಲಿನ ಪರದೆಯನ್ನು ತನಗೂ ಕಾಣಿಸುವಂತೆ ಮಾಡುವ ಆ್ಯಪ್ ಒಂದನ್ನು ಹಾಕಿಸಿ, ಖಾತೆಯಲ್ಲಿದ್ದ ಅಡಿಕೆ ಹಣವನ್ನು ಎತ್ತಿಬಿಟ್ಟ. ಇಂಥ ಮೋಸವಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದು ಅವರಿಗೆ ಗೊತ್ತಾದದ್ದು ಮೂರನೆಯ ದಿನ. ಚಪ್ಪಲಿಯ ಬೆಲೆ 400 ರೂಪಾಯಿಗಿಂತ ಹೆಚ್ಚೇನೂ ಇರಲಿಲ್ಲ. ಆ ಮನೆಯವರು ಈಗ ಆನ್‌ಲೈನಿನಲ್ಲಿ ಏನನ್ನೂ ಕೊಳ್ಳುವುದಿಲ್ಲ, ಅವರ ನೆಂಟರೂ ಕೊಳ್ಳುವುದಿಲ್ಲ. ಹೀಗೆ ಒಂದು ಮನೆಗೆ ಬಿದ್ದ ಪೆಟ್ಟು ಒಂದು ಕೇರಿಯ ಅಭಿಪ್ರಾಯವಾಗುತ್ತದೆ. ಅದನ್ನು ಅಜ್ಞಾನ ಎಂದು ಕರೆಯುವುದು ಅನ್ಯಾಯ.

ಪೇಟೆಯ ಅಂಗಡಿಗಳ ಜೊತೆ ನಮ್ಮವರಿಗಿರುವ ಸಂಬಂಧವನ್ನೂ ಇಲ್ಲಿ ನೆನೆಯಬೇಕು. ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಸೆರಗನ್ನು ಬೆರಳ ನಡುವೆ ಉಜ್ಜಿ ನೋಡಿ ಕೊಳ್ಳುವವರಿಗೆ ಚಿತ್ರ ಸಾಲುವುದಿಲ್ಲ ಎಂಬುದು ಒಂದು. ಅದಕ್ಕಿಂತ ಮುಖ್ಯವಾದದ್ದು ಉದ್ರಿ. ಅಡಿಕೆ ಮಾರಿದ ಹಣ ಕೈಗೆ ಬರುವವರೆಗೆ ನಮ್ಮಲ್ಲಿ ಎಷ್ಟೋ ಮನೆಗಳ ಸಂಸಾರ ನಡೆಯುವುದು ಅಂಗಡಿಯವರ ಪುಸ್ತಕದ ಮೇಲೆ. ಸಾಮಾನು ಸರಿಯಿಲ್ಲದಿದ್ದರೆ ಅಂಗಡಿಯವರು ಗೊಣಗಿಕೊಂಡಾದರೂ ಬದಲಾಯಿಸಿ ಕೊಡುತ್ತಾರೆ, ಏಕೆಂದರೆ ನಾಳೆಯೂ ನಾವು ಅದೇ ಅಂಗಡಿಯ ಮೆಟ್ಟಿಲು ಹತ್ತಬೇಕು. ಇದರ ಜೊತೆ ತೂಗಿ ನೋಡಿದಾಗ ಆನ್‌ಲೈನಿನ ನೂರಿನ್ನೂರು ರೂಪಾಯಿಯ ರಿಯಾಯಿತಿ ಹಗುರವಾಗಿ ಕಾಣುವುದು ಸಹಜ.

ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿಯೊಂದು ತಾಣವೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು, ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ದೋಷವಿರುವ ವಸ್ತುವನ್ನು ವಾಪಸ್ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದೂ ಅದರಲ್ಲಿದೆ. ಮೊದಲಾಗಿದ್ದರೆ ದೂರು ಕೊಡಲು ಕಂಪನಿ ಇರುವ ಊರಿಗೋ ವ್ಯವಹಾರ ನಡೆದ ಊರಿಗೋ ಹೋಗಬೇಕಿತ್ತು. ಈಗ ಗ್ರಾಹಕ ತಾನು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೂ ಮಾತನಾಡಬಹುದು. ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು, ಅಂದರೆ 'ಇನ್ನೆರಡೇ ಉಳಿದಿವೆ' ಎಂದು ಸುಳ್ಳೇ ಅವಸರಪಡಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಹಂತದಲ್ಲಿ ಶುಲ್ಕ ಹೊರತೆಗೆಯುವುದು ಮುಂತಾದವನ್ನು 2023ರ ನವೆಂಬರಿನ ಮಾರ್ಗಸೂಚಿ ನಿಷೇಧಿಸಿದೆ. ಇಷ್ಟೆಲ್ಲ ಇದ್ದೂ, 1,640 ರೂಪಾಯಿಗಾಗಿ ಆಯೋಗಕ್ಕೆ ಅರ್ಜಿ ಹಾಕುವ ಪುರುಸೊತ್ತು, ಧೈರ್ಯ ಎಷ್ಟು ಜನರಿಗಿದೆ? ಈ ಸಣ್ಣ ಮೊತ್ತಗಳಿಗೆ ನ್ಯಾಯ ಸಿಗಬೇಕಾದದ್ದು ಆಯೋಗಕ್ಕಿಂತ ಕೆಳಗೆ, ಊರಿನ ಮಟ್ಟದಲ್ಲಿ.

ಅದಕ್ಕಾಗಿ ನನ್ನದೊಂದು ಸಲಹೆ. ದೇಶದಲ್ಲಿ 1 ಲಕ್ಷ 60 ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಅವುಗಳಲ್ಲಿ ಬಹುಪಾಲು ಹಳ್ಳಿಗಳಲ್ಲೇ ಇವೆ. ಯಾವ ಕಂಪನಿಯಿಂದ ಕೊಂಡದ್ದಾದರೂ ಸರಿ, ವಾಪಸ್ ಮಾಡುವ ಸಾಮಾನನ್ನು ಗ್ರಾಹಕ ತನ್ನೂರ ಅಂಚೆ ಕಚೇರಿಗೆ ಒಯ್ದು ಕೊಟ್ಟು ರಸೀದಿ ಪಡೆಯುವಂತಾಗಬೇಕು. ಆ ರಸೀದಿಯ ತಾರೀಖನ್ನೇ ವಾಪಸ್ ಮಾಡಿದ ದಿನವೆಂದು ಕಂಪನಿ ಒಪ್ಪಬೇಕು, ಸಾಗಾಟದ ಖರ್ಚು ಮಾರಾಟಗಾರನದ್ದಾಗಬೇಕು. ನಗದು ಕೊಟ್ಟು ಕೊಂಡವರಿಗೆ ಮರುಪಾವತಿಯೂ ಅದೇ ಕಚೇರಿಯಲ್ಲಿ, ಗುರುತು ನೋಡಿ, ನಗದಾಗಿಯೇ ಸಿಗಬೇಕು. ಹಾಗಾದರೆ ಬ್ಯಾಂಕ್ ವಿವರ ಕೇಳುವ ನೆಪದಲ್ಲಿ ನಡೆಯುವ ಮೋಸಕ್ಕೂ ಜಾಗವಿರುವುದಿಲ್ಲ. ವಿ.ಪಿ.ಪಿ. ಹಣವನ್ನು ಇಷ್ಟು ಕಾಲ ಲೆಕ್ಕ ತಪ್ಪದೆ ದಾಟಿಸಿದ ಇಲಾಖೆಗೆ ಇದು ಆಗದ ಕೆಲಸವಲ್ಲ. ಜೊತೆಗೆ, ಒಯ್ಯಲು ಬಂದವರಿಗೆ ಗ್ರಾಹಕ ಸಿಗಲಿಲ್ಲ ಎಂದು ದಾಖಲಿಸುವ ಮೊದಲು ಗ್ರಾಹಕನ ಮೊಬೈಲಿಗೆ ಕರೆ ಹೋದ ದಾಖಲೆ ಇರಬೇಕೆಂದೂ, ಅದಿಲ್ಲದಿದ್ದರೆ ವಾಪಸಾತಿಯ ಅವಧಿ ತಾನಾಗಿ ಮುಂದಕ್ಕೆ ಹೋಗಬೇಕೆಂದೂ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ನಿಯಮದಲ್ಲಿ ಸ್ಪಷ್ಟವಾಗಿ ಸೇರಿಸಬೇಕು. ಬಿಲ್ಲು, ವಾಪಸಾತಿ ಷರತ್ತುಗಳು ಗ್ರಾಹಕ ಆರಿಸಿಕೊಂಡ ಭಾಷೆಯಲ್ಲಿ ಪೆಟ್ಟಿಗೆಯೊಳಗೇ ಅಚ್ಚಾಗಿ ಬರಬೇಕು.

ತಮ್ಮಲ್ಲೂ ಒಂದು ಕೋರಿಕೆಯಿದೆ. ನವರಾತ್ರಿಯಿಂದ ದೀಪಾವಳಿಯವರೆಗೆ ಈ ಜಾಹೀರಾತುಗಳು ಬರುವ ದಿನಗಳಲ್ಲಿ ಪತ್ರಿಕೆಯ ಒಂದು ಮೂಲೆಯಲ್ಲಿ 1915 ಮತ್ತು 1930 ಎಂಬ ಎರಡು ಸಂಖ್ಯೆಗಳನ್ನು, 48 ಗಂಟೆ ಮತ್ತು ಒಂದು ತಿಂಗಳ ನಿಯಮವನ್ನು ದಪ್ಪ ಅಕ್ಷರದಲ್ಲಿ ದಿನವೂ ಪ್ರಕಟಿಸಿ. ನಮ್ಮೂರಿನಲ್ಲಿ ಪತ್ರಿಕೆ ಬರುವ ಮನೆಗಳಲ್ಲಿ ಅದನ್ನು ಕತ್ತರಿಸಿ ಕ್ಯಾಲೆಂಡರಿನ ಪಕ್ಕ ಅಂಟಿಸುವ ಕೆಲಸವನ್ನು ನಾನು ಮಾಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಖಾ ಪೋಸ್ಟ್ ಮಾಸ್ಟರ್
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ